ಗಾಜಿನ ಹಿಂದೆ ಬೆಳೆದ ಹುಡುಗಿ

ಹೋದ ತಿಂಗಳು ನಮ್ಮ ಜೆ.ಪಿ. ನಗರದ ಫ್ಲ್ಯಾಟಿನ ಮುಂಬಾಗಿಲಿಗೆ ಪಾಲಿಶ್ ಹಾಕಿಸಿದೆವು. ಪಾಲಿಶ್ ಮಾಡುವವನು ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಟರ್ಪೆಂಟೈನ್ ವಾಸನೆ ಮನೆಯೆಲ್ಲ ತುಂಬಿಕೊಂಡಿತು. ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿಗಳನ್ನೆಲ್ಲ ತೆರೆದಳು. ನಾನು ಸೋಫಾದಲ್ಲಿ ಕೂತವಳು ಕೂತ ಹಾಗೇ ಇದ್ದೆ. "ತಲೆ ನೋಯ್ತಿದ್ಯಾ ಅತ್ತೆ?" ಎಂದು ಕೇಳಿದಳು. ಹೌದು ಎಂದೆ. ಈ ವಯಸ್ಸಿನಲ್ಲಿ ತಲೆನೋವು ಎಂದರೆ ಯಾರೂ ಮುಂದಕ್ಕೆ ವಿಚಾರಿಸುವುದಿಲ್ಲ, ಅದೊಂದು ಅನುಕೂಲ.

ಆ ವಾಸನೆ ನನಗೆ ಬಾಗಿಲಿನದಲ್ಲ, ನಮ್ಮ ವೀಣೆ ಮಿಸ್ ಮನೆಯದು. ಅಲ್ಲಿ ಅದರ ಜೊತೆಗೆ ಬಾಡಿದ ಮಲ್ಲಿಗೆ ಹೂವಿನ ವಾಸನೆಯೂ ಇರುತ್ತಿತ್ತು. ಅರವತ್ತು ವರ್ಷಗಳ ಮೇಲಾಯಿತು. ಈ ವಿಷಯವನ್ನು ನನ್ನ ಗಂಡನಿಗೂ ಹೇಳಿರಲಿಲ್ಲ. ಹೇಳದೆ ಇದ್ದದ್ದು ಒಳ್ಳೆಯ ಕಾರಣಕ್ಕಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಅಪ್ಪ ಜಯನಗರದಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟಿಸಿದಾಗ, ಬಸವನಗುಡಿಯಲ್ಲಿದ್ದ ನೆಂಟರೆಲ್ಲ "ಕಾಡಿಗೆ ಹೊರಟ್ರಾ?" ಎಂದು ಆಡಿಕೊಂಡರು. ಅವರು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ನಮ್ಮ ರಸ್ತೆಯಲ್ಲಿ ಆಗ ಇದ್ದದ್ದು ಐದೇ ಮನೆ. ಉಳಿದದ್ದೆಲ್ಲ ಕಲ್ಲು ನೆಟ್ಟ ಖಾಲಿ ಸೈಟುಗಳು, ಅಲ್ಲಿ ಎಕ್ಕದ ಗಿಡ, ಉಣ್ಣಿ ಗಿಡ. ಬೆಳಗ್ಗೆ ಸಾರಕ್ಕಿಯಿಂದ ಹಾಲಿನವಳು ಬಂದು ಹೋದಮೇಲೆ ಸಂಜೆ ಆಫೀಸಿನವರು ಬಸ್ಸಿಳಿದು ಬರುವ ತನಕ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತು ನಮ್ಮ ಗೇಟು ಗಾಳಿಗೆ ಕಿರುಗುಟ್ಟಿದರೆ ರಸ್ತೆಯ ಆ ತುದಿಗೂ ಕೇಳಿಸುತ್ತಿತ್ತು.

ಆ ತುದಿಯಲ್ಲಿದ್ದದ್ದೇ ಮಿಸ್ ಮನೆ. ಅದರಾಚೆ ಬರೀ ಬಯಲು. ಮನೆಯಲ್ಲಿ ಇದ್ದದ್ದು ಇಬ್ಬರೇ: ಮಿಸ್ ಮತ್ತು ಒಬ್ಬ ಅಜ್ಜಿ. ಮಿಸ್‌ಗೆ ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಮದುವೆಯಾಗಿರಲಿಲ್ಲ. ವೀಣೆ ಪಾಠ ಹೇಳುತ್ತಿದ್ದರು, ಮದುವೆ ಮನೆಗಳಲ್ಲಿ, ರಾಮೋತ್ಸವದ ಚಪ್ಪರಗಳಲ್ಲಿ ಕಚೇರಿ ಮಾಡುತ್ತಿದ್ದರು, ಉಳಿದ ಹೊತ್ತು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಚಿತ್ರ ಬರೆಯುತ್ತಿದ್ದರು. ಅಜ್ಜಿ ಅವರನ್ನು "ಟೀಚರಮ್ಮ" ಎಂದು ಕರೆಯುತ್ತಿದ್ದರು, "ಊಟ ಮಾಡಿದ್ರಾ? ಸುಸ್ತಾಗಿದೀರಿ" ಎಂದು ಬಹುವಚನದಲ್ಲಿ ಮಾತಾಡುತ್ತಿದ್ದರು. ಹಾಗಾಗಿ ಮಿಸ್ ಅಲ್ಲಿ ಬಾಡಿಗೆಗಿದ್ದಾರೆ ಎಂದೇ ನಾನು ಬಹಳ ದಿನ ತಿಳಿದುಕೊಂಡಿದ್ದೆ. ಮಿಸ್ ಅಜ್ಜಿಯನ್ನು ಅಮ್ಮ ಎನ್ನುತ್ತಿದ್ದರು, ನಿಜ. ಆದರೆ ವಯಸ್ಸಾದ ಹೆಂಗಸರನ್ನು ಎಲ್ಲರೂ ಅಮ್ಮ ಎನ್ನುತ್ತಾರಲ್ಲ.

ನನಗೆ ಒಂಬತ್ತೂವರೆ ತುಂಬಿದಾಗ ಅಮ್ಮ ನನ್ನನ್ನು ಅಲ್ಲಿಗೆ ಪಾಠಕ್ಕೆ ಸೇರಿಸಿದಳು. ಮೊದಲ ದಿನ ಕಣ್ಣಿಗೆ ಬಿದ್ದದ್ದು ವೀಣೆಯಲ್ಲ, ಹಜಾರದ ಗೋಡೆಯ ಮೇಲಿದ್ದ ಪಟ. ನನ್ನಷ್ಟೇ ವಯಸ್ಸಿನ ಹುಡುಗಿ. ಫೋಟೋಗೆ ಕೈಯಿಂದ ಬಣ್ಣ ಹಚ್ಚಿದ್ದರು: ಗುಲಾಬಿ ಕೆನ್ನೆ, ಲೇಸಿನ ಕಾಲರು, ಎರಡು ಜಡೆಗೆ ನೀಲಿ ರಿಬ್ಬನ್ನು. ಬಾಯಿ ಬಿಟ್ಟು ನಗುತ್ತಿದ್ದಳು. ಎಡಗಡೆಯ ಕೋರೆಹಲ್ಲಿನ ಜಾಗ ಖಾಲಿಯಿತ್ತು, ನನ್ನದೂ ಆಗ ತಾನೇ ಬಿದ್ದಿತ್ತು. ಪಟಕ್ಕೆ ಮಲ್ಲಿಗೆ ಹಾರ ಹಾಕಿ ಗಾಜಿನ ಮೇಲೆ, ಸರಿಯಾಗಿ ಹಣೆಯ ಜಾಗಕ್ಕೆ, ಕುಂಕುಮ ಇಟ್ಟಿದ್ದರು.

"ನಮ್ಮ ಬೇಬಿ," ಎಂದರು ಅಜ್ಜಿ. "ಫಿಲಂನಲ್ಲಿ ಮಾಡ್ತಿದ್ಲು. ಎಷ್ಟು ಚೆನ್ನಾಗಿ ಹಾಡ್ತಿದ್ಲು ಗೊತ್ತಾ."

"ಈಗ ಎಲ್ಲಿದಾಳೆ ಅಜ್ಜಿ?"

"ಮದ್ರಾಸಿಗೆ ಕರ್ಕೊಂಡು ಹೋಗಿದ್ದೆ ಮಗು. ವಾಪಸ್ ಬರ್ಲಿಲ್ಲ."

ಮಿಸ್ ಅಲ್ಲೇ ಚಾಪೆಯ ಮೇಲೆ ಕೂತು ತಂತಿ ಶ್ರುತಿ ಮಾಡುತ್ತಿದ್ದರು. ತಲೆಯೆತ್ತಲಿಲ್ಲ, ಕೈಯೂ ನಿಲ್ಲಲಿಲ್ಲ...

ನನಗೆ ಇಬ್ಬರು ಅಣ್ಣಂದಿರು, ಇಬ್ಬರೂ ಶುದ್ಧ ತರಲೆಗಳು. ರಸ್ತೆಯಲ್ಲಿ ಬೇರೆ ಹುಡುಗಿಯರೇ ಇರಲಿಲ್ಲ. ಸತ್ತ ಹುಡುಗಿಯಾದರೇನು, ಬೇಬಿ ನನಗೆ ಗೆಳತಿಯಾದಳು. ಪಾಠಕ್ಕೆ ಅವಳೆದುರು ಕೂರುತ್ತಿದ್ದೆ. ಸರಳೆ ವರಸೆ ತಪ್ಪಿಲ್ಲದೆ ನುಡಿಸಿದರೆ ಅವಳ ಕಡೆ ನೋಡುತ್ತಿದ್ದೆ. ತಪ್ಪಿದರೂ ನೋಡುತ್ತಿದ್ದೆ. ಯಾವಾಗಲೂ ನಗುತ್ತಲೇ ಇರುತ್ತಿದ್ದಳು, ನನ್ನ ಅಣ್ಣಂದಿರ ಹಾಗೆ ಅಣಕಿಸುವ ನಗುವಲ್ಲ.

ಪಾಠ ಶುರುವಾಗಿ ಎರಡು ಮೂರು ತಿಂಗಳಾಗಿರಬಹುದು. ಒಂದು ಸಂಜೆ ಕೂತು ತಲೆಯೆತ್ತಿದೆ. ಬೇಬಿಗೆ ಕೋರೆಹಲ್ಲು ಬಂದಿತ್ತು.

ನಾನು ಕಣ್ಣುಜ್ಜಿಕೊಂಡು ನೋಡಿದೆ. ಅದೇ ಚೌಕಟ್ಟು, ಅದೇ ಹಾರ, ಅದೇ ರಿಬ್ಬನ್ನು. ಹಲ್ಲು ಮಾತ್ರ ಬಂದಿತ್ತು. ನಾಲಿಗೆಯಿಂದ ನನ್ನ ಹಲ್ಲಿನ ಜಾಗ ತಡವಿ ನೋಡಿಕೊಂಡೆ, ನನ್ನದಿನ್ನೂ ಬಂದಿರಲಿಲ್ಲ. ಅವತ್ತು ಎಷ್ಟು ಸಲ ತಪ್ಪಿದೆನೋ ಲೆಕ್ಕವಿಲ್ಲ. ಮಿಸ್ ಬೈಯಲಿಲ್ಲ, ನನ್ನನ್ನೇ ನೋಡುತ್ತಿದ್ದರು. ನಾನು ಏನನ್ನು ನೋಡುತ್ತಿದ್ದೇನೆ ಎಂದು ಅವರಿಗೆ ಗೊತ್ತಿತ್ತು ಅನ್ನಿಸುತ್ತದೆ.

ಆಮೇಲೆ ಅದು ನಿಲ್ಲಲೇ ಇಲ್ಲ. ತಿಂಗಳಿಗೊಮ್ಮೆ, ಒಂದೂವರೆ ತಿಂಗಳಿಗೊಮ್ಮೆ, ಬೇಬಿಯಲ್ಲಿ ಏನೋ ಬದಲಾಗಿರುತ್ತಿತ್ತು. ಕತ್ತು ಉದ್ದವಾಯಿತು. ಕೆನ್ನೆ ಇಳಿಯಿತು. ಲೇಸಿನ ಕಾಲರು ಹೋಗಿ ಮಾಮೂಲಿ ರವಿಕೆ ಬಂತು. ನಗು ಸಣ್ಣದಾಯಿತು. ನನಗೆ ಹತ್ತು ತುಂಬುವ ಹೊತ್ತಿಗೆ ಅವಳಿಗೆ ಹದಿಮೂರಾಗಿತ್ತು. ನನಗೆ ಹೊಟ್ಟೆಕಿಚ್ಚೂ ಆಯಿತು, ಹೆದರಿಕೆಯೂ ಆಯಿತು. ಎರಡರಲ್ಲಿ ಯಾವುದು ಜಾಸ್ತಿ ಎಂದು ಕೇಳಿದರೆ ಈಗಲೂ ಹೇಳಲಾರೆ. ಅಮ್ಮನ ಹತ್ತಿರ ಹೇಳಿದೆ. "ಪಟದಲ್ಲಿರೋರು ಬೆಳೀತಾರೇನೆ? ಬಿಸಿಲಲ್ಲಿ ಅಲೆದು ಪಿತ್ತ ನೆತ್ತಿಗೇರಿದೆ ನಿನಗೆ" ಎಂದು ಭಾನುವಾರ ತಲೆಗೆ ಹರಳೆಣ್ಣೆ ತಟ್ಟಿ ಸುಡುಸುಡು ನೀರು ಹುಯ್ದಳು. ಬೇಬಿ ಬೆಳೆಯುವುದು ಅದರಿಂದ ನಿಲ್ಲಲಿಲ್ಲ.

ನನ್ನ ಜೊತೆಗೆ ಇದನ್ನು ಗಮನಿಸುತ್ತಿದ್ದವರು ಅಜ್ಜಿ ಒಬ್ಬರೇ. ಆದರೆ ಅವರಿಗೆ ಆಶ್ಚರ್ಯವಾಗುತ್ತಿರಲಿಲ್ಲ. ಯಾವುದೇ ತಾಯಿ ತನ್ನ ಮಗಳ ಬಗ್ಗೆ ಹೇಳುವ ಹಾಗೆ "ನಮ್ಮ ಬೇಬಿ ಈ ವರ್ಷ ಎತ್ತರ ಆಗಿದಾಳೆ" ಎನ್ನುತ್ತಿದ್ದರು.

ಬೇಬಿ ಪಟದಲ್ಲಿ ಮೊದಲ ಸಲ ದಾವಣಿ ಹೊದ್ದುಕೊಂಡು ಕಾಣಿಸಿದ ವಾರ ಅಜ್ಜಿ ರಸ್ತೆಯ ಉಳಿದ ನಾಲ್ಕೂ ಮನೆಗೆ ಕುಂಕುಮದ ಭರಣಿ ಹಿಡಿದುಕೊಂಡು ಬಂದರು. "ಹುಡುಗಿ ದೊಡ್ಡೋಳಾದ್ಲು. ಶುಕ್ರವಾರ ಸಂಜೆ ಆರತಿ ಇಟ್ಕೊಂಡಿದೀನಿ, ತಪ್ಪದೆ ಬನ್ನಿ" ಎಂದರು. ಯಾವ ಹುಡುಗಿ ಎಂದು ಯಾರೂ ಕೇಳಲಿಲ್ಲ. ಅಮ್ಮ ಹೊರಡುವಾಗ ಗೊಣಗಿದಳು: "ಪಾಪ, ಬುದ್ಧಿ ಸ್ಥಿಮಿತ ಇಲ್ಲ. ಕರೆದಾಗ ಹೋಗದೆ ಇರೋಕಾಗುತ್ತಾ?"

ನಾಲ್ಕು ಹೆಂಗಸರು ಹೋಗಿದ್ದರು. ಗೋಡೆಗೆ ಒತ್ತಿ ಮಣೆ ಹಾಕಿ ರಂಗೋಲಿ ಬಿಟ್ಟು, ಮಣೆಯ ಮೇಲೆ ಪಟ ಕೂರಿಸಿದ್ದರು. ಅಜ್ಜಿ ಹೊಸ ಹೂವು ಮುಡಿಸಿದರು, ಕೆಂಪು ನೀರಿನ ಆರತಿ ಎತ್ತಿದರು. ಹಾಡು ಹೇಳಿ ಎಂದರೆ ಒಬ್ಬರು ಇನ್ನೊಬ್ಬರನ್ನು ಮುಂದೆ ತಳ್ಳಿದರು. ಆಗ ಮಿಸ್ ಮೂಲೆಯಲ್ಲಿ ನಿಂತುಕೊಂಡೇ ಆರತಿ ಹಾಡು ಹೇಳಿದರು. ಹಾಡುವಾಗ ಮುಖದಲ್ಲಿ ನಾಚಿಕೆಯಿತ್ತು, ಆರತಿ ತಮಗೇ ಎತ್ತುತ್ತಿದ್ದಾರೇನೋ ಅನ್ನುವ ಹಾಗೆ ತಲೆ ತಗ್ಗಿಸಿದ್ದರು. ಎಲ್ಲರಿಗೂ ಎಳ್ಳುಬೆಲ್ಲದ ಚಿಗಳಿ ಉಂಡೆ ಕೊಟ್ಟರು. ನಾನು ಎರಡು ತಿಂದೆ. ಮನೆಗೆ ಬಂದಮೇಲೆ ಅಮ್ಮ ತನ್ನ ಪಾಲಿನ ಉಂಡೆಯನ್ನು ಗಿಡದ ಬುಡಕ್ಕೆ ಎಸೆದು ಕೈ ತೊಳೆದುಕೊಂಡಳು, ಪಟ ಬೆಳೆದಿರುವುದನ್ನು ಅವಳೂ ನೋಡಿದ್ದಳು.

ಮಾರನೇ ದಿನ ಪಾಠಕ್ಕೆ ಹೋದಾಗ ಪಟದ ಮೇಲೆ ಹಾರ ಇರಲಿಲ್ಲ. "ಬೆಳೆಯೋ ಹುಡುಗಿ ಕತ್ತಿಗೆ ಇಷ್ಟು ಭಾರ ಯಾಕೆ ಅಂತ ತೆಗೆದುಬಿಟ್ಟೆ" ಎಂದರು ಅಜ್ಜಿ. ಮಿಸ್ ಇದನ್ನು ಕೇಳಿದವರೇ ವೀಣೆ ಕೆಳಗಿಟ್ಟು ಒಳಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಎದ್ದು ಹೋಗಿ ಒಳಕೋಣೆಯ ಬಾಗಿಲು ತಳ್ಳಿದೆ. ಟರ್ಪೆಂಟೈನ್ ವಾಸನೆ ಗಪ್ಪೆಂದು ಹೊಡೆಯಿತು. ಮಿಸ್ ನೆಲದ ಮೇಲೆ ಕೂತು ಅಳುತ್ತಿದ್ದರು, ನಗುತ್ತಲೂ ಇದ್ದರು. ಅವರೆದುರು ಹಲಗೆಯೊಂದರ ಮೇಲೆ ಅರ್ಧ ಬರೆದ ಬೇಬಿ ಇದ್ದಳು. ಹದಿನೈದು ವರ್ಷದ ಬೇಬಿ.

ಅವತ್ತು ಅವರು ನನಗೆ ಎಲ್ಲ ಹೇಳಿದರು. ಹತ್ತು ವರ್ಷದ ಹುಡುಗಿಗೆ ಯಾಕೆ ಹೇಳಿದರೋ ಕಾಣೆ. ಹೇಳಿಕೊಳ್ಳಲು ಬೇರೆ ಯಾರೂ ಇರಲಿಲ್ಲವೇನೋ.

ಬೇಬಿ ಅಂದರೆ ಅವರೇ. ಅಜ್ಜಿ ಅವರ ಹೆತ್ತ ತಾಯಿ. ಯುದ್ಧದ ಕಾಲದಲ್ಲಿ, ಒಂಬತ್ತು ವರ್ಷದವರಿದ್ದಾಗ, ಮದ್ರಾಸಿನ ಸ್ಟುಡಿಯೋದಲ್ಲಿ ಒಂದು ಪಿಕ್ಚರಿಗೆ ಮಾಡಿದ್ದರು. ಅದರಲ್ಲಿ ಅವರದು ಸಾಯುವ ಮಗುವಿನ ಪಾತ್ರ. ಸಿನಿಮಾದವರಲ್ಲಿ ಒಂದು ಪದ್ಧತಿಯಿದೆಯಂತೆ. ಸಾಯುವ ದೃಶ್ಯ ತೆಗೆದ ಮೇಲೆ, ಸತ್ತವರು ಕಣ್ಣು ಬಿಟ್ಟು ಕ್ಯಾಮೆರಾ ನೋಡಿ ಒಂದು ಸಲ ನಗಬೇಕು, ಅದನ್ನೂ ಫಿಲಮ್ಮಿನಲ್ಲಿ ಹಿಡಿಯಬೇಕು. ಕುಂಬಳಕಾಯಿಯನ್ನೂ ಒಡೆಯಬೇಕು. ಇಲ್ಲದಿದ್ದರೆ ಸಾವು ಆ ಮನುಷ್ಯನಿಗೇ ಅಂಟಿಕೊಳ್ಳುತ್ತದೆ ಎಂದು ನಂಬಿಕೆ. ಅವತ್ತು ಕುಂಬಳಕಾಯಿ ಒಡೆದರು. ನಗು ತೆಗೆಯುವಷ್ಟರಲ್ಲಿ ಫಿಲಂ ಮುಗಿದುಹೋಯಿತು. ಯುದ್ಧದ ದೆಸೆಯಿಂದ ಫಿಲಂ ಸಿಗುವುದೇ ಕಷ್ಟವಾಗಿತ್ತು. "ನಾಳೆ ತೆಗೆಯೋಣ" ಎಂದರು ಡೈರೆಕ್ಟರು. ನಾಳೆ ಬರುವಷ್ಟರಲ್ಲಿ ಸೆಟ್ಟು ಬಿಚ್ಚಿ ಹಾಕಿದ್ದರು. ಅಜ್ಜಿ ಕಂಡಕಂಡವರ ಕಾಲು ಹಿಡಿದರಂತೆ, ಒಂದೇ ಒಂದು ಸಲ ನನ್ನ ಮಗು ನಗೋದನ್ನ ತೆಗೀರಿ ಎಂದು. ಸ್ಟುಡಿಯೋದವರು ಪಿಕ್ಚರಿನಲ್ಲಿ ಗೋಡೆಗೆ ಹಾಕಲು ಮಾಡಿಸಿದ್ದ ಹಾರದ ಫೋಟೋವನ್ನೇ ಕೈಗೆ ಕೊಟ್ಟು ಊರಿಗೆ ಕಳಿಸಿದರು.

"ಆಮೇಲೆ ನಾನು ಬೆಳೆದೆ ಕಣೇ. ಅದೇ ನಾನು ಮಾಡಿದ ತಪ್ಪು" ಎಂದರು ಮಿಸ್. ಧ್ವನಿ ದಪ್ಪವಾಯಿತು, ಮುಖ ಬದಲಾಯಿತು, ಹನ್ನೆರಡಕ್ಕೆಲ್ಲ ಪಿಕ್ಚರಿನವರು ಕರೆಯುವುದು ನಿಲ್ಲಿಸಿದರು. ವೀಣೆ ಹಿಡಿದರು. ಫೋಟೋ ಸ್ಟುಡಿಯೋ ಒಂದರಲ್ಲಿ ಫೋಟೋಗಳಿಗೆ ಬಣ್ಣ ಹಚ್ಚುತ್ತ ಚಿತ್ರ ಕಲಿತರು. ತಂದೆ ತೀರಿಕೊಂಡರು. ಅಜ್ಜಿ ಮಾತ್ರ ಆ ಫೋಟೋದ ಮುಂದೆ ಕೂರುವುದು ಹೆಚ್ಚಾಗುತ್ತಾ ಹೋಯಿತು. "ಇಪ್ಪತ್ತನೇ ವಯಸ್ಸಲ್ಲಿ ನನ್ನ ಮೊದಲನೇ ಕಚೇರಿ. ಮುಗಿಸ್ಕೊಂಡು ಮನೆಗೆ ಬಂದು ನಮಸ್ಕಾರ ಮಾಡಿದೆ. ಅಮ್ಮ 'ಚೆನ್ನಾಗಿ ನುಡಿಸಿದ್ರಿ, ನಮ್ಮ ಬೇಬಿಗೂ ಹೇಳ್ಕೊಡ್ತೀರಾ?' ಅಂದ್ರು. ಅವತ್ತಿಂದ ನಾನು ಟೀಚರಮ್ಮ."

ಡಾಕ್ಟರು, ಮಂತ್ರವಾದಿ, ಎಲ್ಲ ಆಗಿತ್ತಂತೆ. ಕೊನೆಗೆ ಮಿಸ್‌ಗೆ ತೋಚಿದ್ದು ಇದು. ಅಮ್ಮನ ಕಣ್ಣಿನಲ್ಲಿ ಬೇಬಿ ಒಂಬತ್ತರಲ್ಲೇ ನಿಂತುಬಿಟ್ಟಿದ್ದಾಳೆ, ಅವಳನ್ನು ಅಲ್ಲಿಂದ ಕೈಹಿಡಿದು ನಡೆಸಿಕೊಂಡು ಬರಬೇಕು. ಒಂದು ವಯಸ್ಸಿಗೆ ಒಂದು ಚಿತ್ರ, ಹತ್ತರಿಂದ ಇಪ್ಪತ್ತೇಳರ ತನಕ, ಒಟ್ಟು ಹದಿನೆಂಟು. ಅಜ್ಜಿ ಮಧ್ಯಾಹ್ನ ಮಲಗಿದಾಗ ಚೌಕಟ್ಟಿನ ಹಿಂದಿನ ಮೊಳೆ ಬಿಚ್ಚಿ ಹಳೆಯದನ್ನು ತೆಗೆದು ಹೊಸದನ್ನು ಸೇರಿಸುವುದು. ಕೊನೆಯ ಚಿತ್ರ ಹಾಕಿದ ದಿನ ಅದರಲ್ಲಿರುವ ಸೀರೆಯನ್ನೇ ಉಟ್ಟುಕೊಂಡು ಪಟದ ಕೆಳಗೆ ಹೋಗಿ ನಿಲ್ಲುವುದು.

"ಅವತ್ತು ಅಮ್ಮ ನನ್ನನ್ನ 'ಬಾರೇ' ಅಂತಾರೆ. ಒಂದು ಸಲ ಅಂದ್ರೆ ಸಾಕು ನನಗೆ" ಎಂದರು. ಯಾರಿಗೂ ಹೇಳಬೇಡ ಎಂದು ನನ್ನ ಕೈಯಲ್ಲಿ ಆಣೆ ಇಡಿಸಿಕೊಂಡರು. ಬಾಯಿ ಬಿಡಲಿಲ್ಲ ನಾನು, ಅದೊಂದನ್ನು ಮಾತ್ರ ಸರಿಯಾಗಿ ಪಾಲಿಸಿದೆ.

ಮುಂದಿನ ಒಂದು ವರ್ಷದಲ್ಲಿ ಬೇಬಿ ಇಪ್ಪತ್ತು ದಾಟಿದಳು, ಇಪ್ಪತ್ತೈದಾದಳು. ಉಪಾಯ ಫಲಿಸುತ್ತಿತ್ತು. ಅದು ಎಂಥವರಿಗೂ ಕಾಣುತ್ತಿತ್ತು. ಗಾಜಿನ ಮೇಲೆ ಕುಂಕುಮ ಇಡುವುದೂ ನಿಂತಿತು. ಒಂದು ಸಂಜೆ ನಾನು ನುಡಿಸುತ್ತಿದ್ದಾಗ ಅಜ್ಜಿ ಪಟವನ್ನೊಮ್ಮೆ ಮಿಸ್ ಮುಖವನ್ನೊಮ್ಮೆ ನೋಡಿ, "ಅಲ್ಲ ಟೀಚರಮ್ಮ, ಇವಳ ಮೂಗು ನಿಮ್ಮ ಮೂಗಿನ ಹಾಗೇ ಇದೆಯಲ್ಲ" ಎಂದರು. ಮಿಸ್ ತಮ್ಮ ಮುಖವನ್ನು ಪೂರ್ತಿ ಅವರತ್ತ ತಿರುಗಿಸಿ ಕೂತರು. ಅಜ್ಜಿ ಇನ್ನೂ ಏನೋ ಹೇಳಲು ಬಾಯಿ ತೆರೆದು, ಮರೆತವರಂತೆ ಸುಮ್ಮನಾದರು... ಇನ್ನೊಂದೇ ಹೆಜ್ಜೆ ಉಳಿದಿತ್ತು.

ನನಗೆ ಮಾತ್ರ ಮಂಕಾಗಿತ್ತು. ಪಟದಲ್ಲಿದ್ದವಳು ಈಗ ಯಾರೋ ದೊಡ್ಡ ಹೆಂಗಸು. ನಾನು ತಾಳ ತಪ್ಪಿದರೆ ನಗುತ್ತಿರಲಿಲ್ಲ. ಹಲ್ಲಿಲ್ಲದ ನನ್ನ ಗೆಳತಿ ಎಲ್ಲಿ ಹೋದಳು ಎಂದು ಕೇಳುವ ಹಾಗೂ ಇರಲಿಲ್ಲ.

ಕೊನೆಯ ಚಿತ್ರ ಮುಗಿದಿತ್ತು, ಬಣ್ಣ ಇನ್ನೂ ಒಣಗಿರಲಿಲ್ಲ. ಅದೇ ವಾರ ರೇಡಿಯೋ ಸ್ಟೇಷನ್ನಿನಿಂದ ಮಿಸ್‌ಗೆ ಆಡಿಷನ್‌ಗೆ ಬರಲು ಕಾಗದ ಬಂತು. ಹೊರಡುವ ದಿನ ಮಧ್ಯಾಹ್ನ ಹೊಸ ಚಿತ್ರದ ಅಳತೆ ನೋಡಲು ಪಟ ಬಿಚ್ಚಿದವರಿಗೆ ಅದನ್ನು ಮತ್ತೆ ಜೋಡಿಸಲು ಹೊತ್ತು ಸಿಗಲಿಲ್ಲ. "ನಾಲ್ಕು ಗಂಟೆಗೆ ಬಂದು ಅಮ್ಮನ ಹತ್ರ ಕೂತಿರು. ಅಷ್ಟು ಹೊತ್ತಿಗೆ ಎದ್ದಿರ್ತಾರೆ. ಪಟ ಕೇಳಿದ್ರೆ ಗಾಜು ಒರೆಸೋಕೆ ಕೊಟ್ಟಿದಾರೆ ಅನ್ನು" ಎಂದು ಹೇಳಿ, ಜಟಕಾ ಗಾಡಿಯಲ್ಲಿ ವೀಣೆ ಇಟ್ಟುಕೊಂಡು ಹೋದರು. ಕೆಂಪಂಚಿನ ಗಿಳಿಹಸಿರು ಸೀರೆ ಉಟ್ಟಿದ್ದರು. ಕೊನೆಯ ಚಿತ್ರದಲ್ಲಿ ಬರೆದಿದ್ದ ಸೀರೆ ಅದೇ.

ನಾಲ್ಕಕ್ಕೆ ನಾನು ಹೋದಾಗ ಅಜ್ಜಿ ಹಜಾರದಲ್ಲಿ ನಿಂತಿದ್ದರು. ಗೋಡೆಯ ಮೇಲೆ ಮೊಳೆ, ಅದರ ಕೆಳಗೆ ಪಟದಷ್ಟಗಲದ ಬೆಳ್ಳನೆಯ ಜಾಗ. ಅಜ್ಜಿ ಆ ಜಾಗವನ್ನು ಅಂಗೈಯಿಂದ ಸವರುತ್ತಿದ್ದರು, ಅಲ್ಲೇನೋ ಬಾಗಿಲಿದೆ ಅನ್ನುವ ಹಾಗೆ ಸಣ್ಣಗೆ ತಟ್ಟುತ್ತಿದ್ದರು. "ಬೇಬಿ... ಬೇಬಿ..." ಹೊರಗೆ ಬಿಸಿಲು ಧಗಧಗ ಎನ್ನುತ್ತಿತ್ತು, ರಸ್ತೆಯಲ್ಲಿ ಒಂದು ಸದ್ದಿಲ್ಲ. ಗಾಜು ಒರೆಸಲು ಕೊಟ್ಟಿದ್ದಾರೆ ಎಂದೆ. ಅವರಿಗೆ ಕೇಳಿಸಲಿಲ್ಲ. ತಟ್ಟುವುದು ಜೋರಾಯಿತು, ಬೆರಳ ಗೆಣ್ಣು ಕೆಂಪಾಯಿತು. "ಒಳಗೆ ಸೇರ್ಕೊಂಡುಬಿಟ್ಲು ಮಗು. ಕರೆದ್ರೂ ಬರ್ತಿಲ್ಲ" ಎಂದು ನನ್ನ ಕಡೆ ತಿರುಗಿದರು. ಆ ಮುಖ ನೋಡಲಾಗಲಿಲ್ಲ.

ಒಳಕೋಣೆಗೆ ಓಡಿದೆ. ಖಾಲಿ ಚೌಕಟ್ಟು ಮೇಜಿನ ಮೇಲಿತ್ತು. ಹೊಸ ಚಿತ್ರ ಕಿಟಕಿಯ ಹತ್ತಿರ ಒಣಗುತ್ತಿತ್ತು, ಅದನ್ನು ಮುಟ್ಟಬಾರದೆಂದು ಗೊತ್ತಿತ್ತು. ಹಳೆಯವನ್ನೆಲ್ಲ ಗೋಡೆಗೆ ಮುಖ ಮಾಡಿಸಿ ಸಾಲಾಗಿ ಒರಗಿಸಿದ್ದರು. ಒಂದೊಂದಾಗಿ ತಿರುಗಿಸಿದೆ. ಹದಿನೇಳು ಜನ ನನ್ನನ್ನು ನೋಡಿದರು. ಎಲ್ಲರ ಕಣ್ಣೂ ಒಂದೇ. ಕೊನೆಯಲ್ಲಿ, ಎಲ್ಲರ ಹಿಂದೆ, ಕೋರೆಹಲ್ಲಿಲ್ಲದವಳು.

ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು, ಹಾಗಾಗಿ ನೆಟ್ಟಗೆ ಬರೆಯುತ್ತೇನೆ. ಅವತ್ತು ಮಧ್ಯಾಹ್ನದ ತನಕ ಗೋಡೆಯ ಮೇಲಿದ್ದ ಇಪ್ಪತ್ತಾರರ ಚಿತ್ರ ಎಲ್ಲಕ್ಕಿಂತ ಮುಂದೆಯೇ ಇತ್ತು. ಅದನ್ನು ಹಾಕಿದ್ದರೆ ಏನೂ ಕೆಡುತ್ತಿರಲಿಲ್ಲ. ಅಷ್ಟು ತಿಳಿಯದಷ್ಟು ಚಿಕ್ಕವಳೇನಲ್ಲ ನಾನು, ಹನ್ನೊಂದು ವರ್ಷ. ಮಿಸ್ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಆದರೂ ನಾನು ಕೈಹಾಕಿ ತೆಗೆದದ್ದು ಹಿಂದಿನದನ್ನು. ಅಜ್ಜಿಗೊಬ್ಬರಿಗೇ ಅಲ್ಲ, ನನಗೂ ಅವಳು ಬೇಕಾಗಿದ್ದಳು. ಒಂದು ಸಂಜೆ ಇದ್ದು ಹೋಗಲಿ, ಮಿಸ್ ಬರುವ ಮೊದಲು ತೆಗೆದಿಟ್ಟರಾಯಿತು ಎಂದುಕೊಂಡೆ.

ಚೌಕಟ್ಟಿಗೆ ಸೇರಿಸಿ ಗೋಡೆಗೆ ತಗಲಿಹಾಕಿದೆ. ಅಜ್ಜಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅವರ ಬಾಯಿಂದ ಬಂದ ಶಬ್ದ ಅಳುವೋ ನಗುವೋ ತಿಳಿಯಲಿಲ್ಲ. "ಬಂದ್ಯಾ?" ಎಂದರು. "ಎಷ್ಟು ದಿನ ಕಾಯಿಸಿದೆ ನನ್ನ. ಆ ದೊಡ್ಡ ಹೆಂಗಸು ಯಾರೋ ಬಂದು ನಿನ್ನ ಜಾಗದಲ್ಲಿ ಕೂತಿದ್ಲು ಕಣೇ. ಹೋದ್ಲಾ?" ಪಟ ತೆಗೆಯಲು ಕೈ ಚಾಚಿದೆ. ಅಜ್ಜಿ ಅದನ್ನು ಕಿತ್ತುಕೊಂಡು ಎದೆಗೆ ಅವಚಿಕೊಂಡರು. ಆ ಕೈಗಳಲ್ಲಿ ಅಷ್ಟು ಬಲವಿತ್ತೆಂದು ನನಗೆ ಗೊತ್ತಿರಲಿಲ್ಲ.

ಉಳಿದ ಚಿತ್ರಗಳನ್ನು ಇದ್ದ ಹಾಗೇ ಗೋಡೆಗೆ ತಿರುಗಿಸಿಟ್ಟು ಮನೆಗೆ ಓಡಿದೆ. ನಮ್ಮ ಗೇಟಿನ ಹಿಂದೆ ನಿಂತು ನೋಡುತ್ತಿದ್ದೆ. ಐದೂವರೆಗೆ ಜಟಕಾ ಬಂತು. ಮಿಸ್ ಹಸಿರು ಸೀರೆಯಲ್ಲಿ ಇಳಿದರು, ಗಾಡಿಯವನ ಜೊತೆ ಏನೋ ಹೇಳಿ ನಕ್ಕರು, ಒಳಗೆ ಹೋದರು. ಬೈಗುಳ ಕೇಳಿಸುತ್ತದೆ, ಅಳು ಕೇಳಿಸುತ್ತದೆ ಎಂದು ಕಿವಿ ನಿಮಿರಿಸಿಕೊಂಡು ಕಾದೆ. ಏನೂ ಕೇಳಿಸಲಿಲ್ಲ.

ಎರಡು ದಿನ ಬಿಟ್ಟು ಪಾಠಕ್ಕೆ ಹೋದೆ. ಗೋಡೆಯ ಮೇಲೆ ಬೇಬಿ ಹಲ್ಲಿಲ್ಲದ ಬಾಯಿಯಲ್ಲಿ ನಗುತ್ತಿದ್ದಳು. ಹೊಸ ಹಾರ ಹಾಕಿತ್ತು, ಹಣೆಯ ಮೇಲೆ ಒದ್ದೆ ಕುಂಕುಮ.

"ಅವತ್ತು ನೀನು ಬಂದಿದ್ಯಾ?" ಎಂದು ಕೇಳಿದರು ಮಿಸ್.

"ಇಲ್ಲ ಮಿಸ್. ಹೊಟ್ಟೆನೋವು ಬಂದಿತ್ತು."

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಸರಿ, ಶ್ರುತಿ ಮಾಡು" ಎಂದರು.

ಅವರು ಸುಮ್ಮನೆ ಬಿಟ್ಟುಕೊಡಲಿಲ್ಲ. ಬಣ್ಣ ಒಣಗಿದ ಮೇಲೆ ಕೊನೆಯ ಚಿತ್ರಕ್ಕೆ ಬೇರೆ ಚೌಕಟ್ಟು ಹಾಕಿಸಿ ಬೇಬಿಯ ಪಕ್ಕದಲ್ಲೇ ತಗಲಿಹಾಕಿ, ಹಸಿರು ಸೀರೆ ಉಟ್ಟು ಕೆಳಗೆ ನಿಂತರು. ಅವತ್ತು ನಾನು ಅಲ್ಲೇ ಇದ್ದೆ. ಅಜ್ಜಿ ಚಿತ್ರವನ್ನು ಮೊಳೆಯಿಂದ ತೆಗೆದು, ಸೆರಗಿನಿಂದ ಧೂಳು ಒರೆಸಿ, ಮಿಸ್ ಕೈಗೆ ಕೊಟ್ಟರು. "ನಿಮ್ಮ ಪಟ ನಿಮ್ಮ ರೂಮಲ್ಲಿಟ್ಕೊಳ್ಳಿ ಟೀಚರಮ್ಮ. ಇಲ್ಲಿ ಮಗುಗೆ ಜಾಗ ಸಾಲಲ್ಲ" ಎಂದರು, ಬಹಳ ಮರ್ಯಾದೆಯಿಂದ.

ರೇಡಿಯೋದಿಂದ ಆಯ್ಕೆಯಾಗಿದೆ ಎಂದು ಕಾಗದ ಬಂತು. ಮಿಸ್ ಹೋಗಲಿಲ್ಲ. ಸಂಜೆ ಬಿಡುವಿರುವುದಿಲ್ಲ ಎಂದು ಉತ್ತರ ಬರೆದರಂತೆ. ನನ್ನ ಪಾಠವನ್ನೂ ನಿಲ್ಲಿಸಿದರು, ಅದಕ್ಕೂ ಅದೇ ಕಾರಣ. ಸಂಜೆ ಏನು ಮಾಡುತ್ತಾರೆ ಎಂದು ಅಮ್ಮ ಕೇಳಿದ್ದಕ್ಕೆ ಸುಮ್ಮನೆ ನಕ್ಕರು.

ಏನು ಮಾಡುತ್ತಿದ್ದರೆಂದು ನಾನು ನೋಡಿದೆ. ಪಾಠದ ಪುಸ್ತಕ ಅಲ್ಲೇ ಉಳಿದಿತ್ತು. ತರಲು ಹೋದಾಗ ಐದು ಗಂಟೆ, ಇನ್ನೂ ಬೆಳ್ಳನೆ ಬೆಳಕಿತ್ತು. ಗೇಟಿನ ಹತ್ತಿರವೇ ಹಾಡು ಕೇಳಿಸಿತು. ಚಿಕ್ಕ ಹುಡುಗಿಯ ಧ್ವನಿ. ತೆಳ್ಳಗೆ, ಸ್ವಲ್ಪ ಮೂಗಿನಲ್ಲಿ, ಹಳೇ ಪಿಕ್ಚರುಗಳಲ್ಲಿ ಮಕ್ಕಳು ಹಾಡುತ್ತಿದ್ದರಲ್ಲ, ಆ ತರಹ. ಕಿಟಕಿಯಿಂದ ನೋಡಿದೆ. ಹಜಾರದಲ್ಲಿ ಅಜ್ಜಿಯೊಬ್ಬರೇ ಪಟದ ಮುಂದೆ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಧ್ವನಿ ಪಟದಿಂದ ಬರುತ್ತಿತ್ತು. ದೇವರಾಣೆಗೂ ಪಟದಿಂದಲೇ ಬರುತ್ತಿತ್ತು.

ಹಿತ್ತಲಿಗೆ ಹೋದೆ. ಒಳಕೋಣೆಯ ಕಿಟಕಿ ತೆರೆದಿತ್ತು. ಗೋಡೆಯ ಈ ಬದಿಗೆ, ಸರಿಯಾಗಿ ಪಟದ ಬೆನ್ನಿಗೆ, ಮಿಸ್ ನಿಂತಿದ್ದರು. ಕಣ್ಣು ಮುಚ್ಚಿ, ಹಣೆಯನ್ನು ಗೋಡೆಗೆ ಒತ್ತಿ, ಅವರು ಹಾಡುತ್ತಿದ್ದರು. ಅಜ್ಜಿಗೆ ಅವರು ಕಾಣುವ ಹಾಗೇ ಇರಲಿಲ್ಲ. ಆದರೂ ಎರಡು ಜಡೆ ಹೆಣೆದುಕೊಂಡು ನೀಲಿ ರಿಬ್ಬನ್ ಕಟ್ಟಿದ್ದರು. ಇಪ್ಪತ್ತೇಳು ವರ್ಷದವರು. ನನಗೆ ಪುಸ್ತಕ ಮರೆತುಹೋಯಿತು, ಚಪ್ಪಲಿ ಬಿಟ್ಟಲ್ಲೇ ಬಿಟ್ಟು ಓಡಿಬಂದೆ. ಎಷ್ಟೋ ವರ್ಷ ನಾನು ಸಂಜೆ ಹೊತ್ತು ಆ ತುದಿಗೆ ಹೋಗಲಿಲ್ಲ.

ಮತ್ತೆ ಆ ಮನೆಯೊಳಗೆ ಕಾಲಿಟ್ಟಿದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ, ನನ್ನದೇ ಮದುವೆಯ ಕರೆಯೋಲೆ ಹಿಡಿದುಕೊಂಡು. ಅಜ್ಜಿ ತೀರಿಕೊಂಡು ಆರು ತಿಂಗಳಾಗಿತ್ತು. ಈ ಸಲ ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿಕೊಂಡು ಹೋಗಿದ್ದೆ. ಗೋಡೆ ಖಾಲಿಯಿತ್ತು, ವೀಣೆಗೆ ಗವುಸು ಹಾಕಿತ್ತು. ಮಿಸ್ ಕೂದಲು ಅರ್ಧ ಬೆಳ್ಳಗಾಗಿತ್ತು. ಕಾಫಿ ಕೊಟ್ಟರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರುಮಾಡಿದರು.

"ನಾನ್ಯಾಕೆ ಎಲ್ಲ ಬಿಟ್ಟುಬಿಟ್ಟೆ ಅಂತ ನೀನೂ ಅಂದ್ಕೊಂಡಿರ್ತೀಯ. ನಾನು ರೇಡಿಯೋ ಸ್ಟೇಷನ್‌ಗೆ ಹೋಗಿದ್ದೆ ನೋಡು, ಅವತ್ತು ಅಮ್ಮ ತಾವೇ ಒಳಗೆ ಹೋಗಿದಾರೆ. ಒಂಬತ್ತರಿಂದ ಇಪ್ಪತ್ತೇಳರ ತನಕ ಎಲ್ಲ ವಯಸ್ಸಿನ ಮಗಳೂ ಅಲ್ಲಿದ್ಲು. ಎಲ್ಲರನ್ನೂ ನೋಡಿ, ಆ ಒಂಬತ್ತು ವರ್ಷದವಳೊಬ್ಬಳನ್ನೇ ಆರಿಸಿ ತಂದಿದಾರೆ. ತಾಯಿ ತಾನಾಗಿ ಆರಿಸ್ಕೊಂಡ ಮೇಲೆ ನಾನು ಹಟ ಮಾಡೋದ್ರಲ್ಲಿ ಅರ್ಥ ಇದ್ಯಾ? ಬೇಕಾಗಿದ್ದವಳು ಅವಳು. ಸರಿ, ಅವಳನ್ನೇ ಕೊಡೋಣ ಅಂದ್ಕೊಂಡೆ."

ನಾನು ಕಾಫಿ ಲೋಟ ಕೆಳಗಿಟ್ಟೆ.

"ಕೊನೇ ದಿನ ಅಮ್ಮ ನನ್ನ ಕೈ ಹಿಡ್ಕೊಂಡ್ರು. ಈಗಲಾದ್ರೂ 'ಬಾರೇ' ಅಂತಾರೇನೋ ಅಂತ ಬಗ್ಗಿ ಕಿವಿಗೊಟ್ಟೆ ಕಣೇ. 'ಟೀಚರಮ್ಮ, ಸ್ವಂತ ಮಗಳೂ ಇಷ್ಟು ನೋಡ್ಕೊಳ್ತಿರ್ಲಿಲ್ಲ. ನಿಮ್ಮನ್ನ ಹೆತ್ತೋಳು ಪುಣ್ಯವಂತೆ' ಅಂದ್ರು."

"ನೀವೇನಂದ್ರಿ ಮಿಸ್?"

"ಹೌದಮ್ಮ ಅಂದೆ."

ಹೇಳಬೇಕೆಂದು ಹೋದದ್ದನ್ನು ಹೇಳದೆಯೇ ಎದ್ದೆ. ಮದುವೆಯ ಹೆಣ್ಣು, ಹೊಸ ಸೀರೆ ಉಟ್ಟುಕೊಂಡಿದ್ದೆ. ಅವರು ಅರಿಶಿನ ಕುಂಕುಮ ಕೊಟ್ಟು ರವಿಕೆ ಕಣ ಮಡಿಲಿಗೆ ಹಾಕಿ, ತಲೆ ಸವರಿ ಕಳಿಸಿದರು.

ಮದುವೆಯಾಗಿ ಬೇರೆ ಊರು, ಮಕ್ಕಳು, ಗಂಡನ ವರ್ಗಾವಣೆಗಳು... ವಾಪಸ್ಸು ಬೆಂಗಳೂರಿಗೆ ಬರುವಷ್ಟರಲ್ಲಿ ಆ ಮನೆ ಮಾರಾಟವಾಗಿತ್ತು. ಮಿಸ್ ತೀರಿಕೊಂಡರು ಎಂದು ಒಬ್ಬರು ಹೇಳಿದರು. ಯಾವಾಗ, ಎಲ್ಲಿ ಎಂದು ಅವರಿಗೂ ಗೊತ್ತಿರಲಿಲ್ಲ. ಈಗ ಅಲ್ಲಿ ನಾಲ್ಕು ಅಂತಸ್ತಿನ ಬಟ್ಟೆ ಅಂಗಡಿಯಿದೆ. ಆ ರಸ್ತೆಯಲ್ಲಿ ಹೋಗುವಾಗ ಮಗನಿಗೆ ಕಾರು ನಿಧಾನ ಮಾಡು ಎನ್ನುತ್ತೇನೆ. ಸೀರೆ ನೋಡಬೇಕಾ ಎಂದು ಕೇಳುತ್ತಾನೆ. ಬೇಡ ಎನ್ನುತ್ತೇನೆ.

ನಿಮ್ಮಮ್ಮ ಆರಿಸಲಿಲ್ಲ ಮಿಸ್, ಆರಿಸಿದ್ದು ನಾನು. ಅವರು ನಿಮ್ಮ ಮೂಗಿನ ತನಕ ಬಂದಿದ್ದರು, ಇನ್ನೊಂದು ವಾರದಲ್ಲಿ ನಿಮ್ಮನ್ನು ಗುರುತು ಹಿಡಿಯುತ್ತಿದ್ದರು. ಇಷ್ಟೇ ಮಾತು. ಇದನ್ನು ಹೇಳಲು ನನಗೆ ಎರಡು ಸಲ ಅವಕಾಶವಿತ್ತು, ಎರಡು ಸಲವೂ ನೀವು ನನ್ನ ಮುಂದೆ ಕೂತು ಕಾದಿರಿ. "ಅಮ್ಮನಿಗೆ ನಾನು ಬೇಡವಾಗಿದ್ದೆ" ಎಂದುಕೊಂಡೇ ನೀವು ಹೋದಿರಿ.